ಒಂಬತ್ತನೆಯ ಕುಕ್ಕರ್

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕೌಜಲಗಿಯ ಆಚೆ, ಕಬ್ಬು ಕಡಿದ ಹೊಲಗಳ ನಡುವೆ ನಿಜಾಮಸಾಬರು ಮೊಪೆಡ್ ನಿಲ್ಲಿಸಿ ಕಿವಿಗೊಡುತ್ತಾರೆ. ಕುರಿಗಳ ಸದ್ದು ಎಲ್ಲಿಂದ ಬರುತ್ತದೋ ಅಲ್ಲಿಗೆ ಹೋಗಬೇಕು. ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಲ್ಲಿ ರಬ್ಬರು, ಸೀಟಿ, ಹಿಡಿಕೆ, ಇಕ್ಕಳ. ಅಂಗಿಯ ಜೇಬಿನಲ್ಲಿ ಒಂದೇ ಒಂದು ಹೊಸ ವಾಲ್ವ್. ಅದನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಮಮದಾಪುರದ ಈ ಅರವತ್ತೆರಡರ ಹಿರಿಯರು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷದಿಂದ ಕುಕ್ಕರ್ ರಿಪೇರಿ ಮಾಡುತ್ತಿದ್ದಾರೆ. ದಿನಕ್ಕೆ ನಲವತ್ತು ಕಿಲೋಮೀಟರು, ಹತ್ತು ಹನ್ನೆರಡು ಕುಕ್ಕರು. ಸಾಲಿಯ ಓದು ಎರಡನೆಯ ಇಯತ್ತೆಗೇ ಮುಗಿದಿದೆ. ಏನನ್ನೂ ಬರೆದಿಡುವುದಿಲ್ಲ. ಯಾರ ಮನೆಯ ಕುಕ್ಕರಿನ ತಳ ಎಲ್ಲಿ ತಗ್ಗಾಗಿದೆ ಎಂಬುದೆಲ್ಲ ತಲೆಯಲ್ಲೇ ಇದೆ. ಹತ್ತು ದಿನದಿಂದ ಆ ನೆನಪೇ ಅವರನ್ನು ಮಲಗಗೊಡುತ್ತಿಲ್ಲ.

ಹೊಸ ಕುಕ್ಕರು ಕೊಳ್ಳುವವರೂ ಇವರನ್ನೇ ಕೇಳುತ್ತಾರೆ. ನಾಲ್ಕು ಮಂದಿಗೆ ಮೂರು ಲೀಟರಿನದು ಸಾಕು, ಐಎಸ್ಐ ಗುರುತು ನೋಡಿ, ನೀರು ಸೇರಿ ಮೂರರಲ್ಲಿ ಎರಡು ಪಾಲು ದಾಟಬೇಡಿ, ಬೇಳೆ ಹುರಳಿ ಆದರೆ ಅರ್ಧಕ್ಕೇ ನಿಲ್ಲಿಸಿ ಎನ್ನುತ್ತಾರೆ. ಬಿಡಿಭಾಗ ಮಾತ್ರ ಅದೇ ಕಂಪನಿಯದಿರಲಿ ಎಂದು ಎರಡೆರಡು ಸಲ ಹೇಳುತ್ತಾರೆ.

ಆ ಮಾತನ್ನು ಒಮ್ಮೆ ತಾವೇ ಮೀರಿದರು. ಸರಕು ತೀರಿದ್ದಾಗ ಸಂತೆಯಲ್ಲಿ ಹೆಸರಿಲ್ಲದ ಒಂದು ಪೊಟ್ಟಣ ವಾಲ್ವ್ ಕೊಂಡರು. ಮುಚ್ಚಳದ ಮೇಲಿನ ಆ ಸಣ್ಣ ವಾಲ್ವಿನ ನಡುವೆ ಮೆತ್ತನೆಯ ಲೋಹವಿರುತ್ತದೆ. ಸೀಟಿಯ ತೂತು ಕಟ್ಟಿಕೊಂಡು ಕಾವು ಮಿತಿಮೀರಿದರೆ ಅದು ಕರಗಿ ಹಬೆಗೆ ದಾರಿ ಬಿಡಬೇಕು, ಇಲ್ಲದಿದ್ದರೆ ಕುಕ್ಕರು ಸಿಡಿಯುತ್ತದೆ. ಹತ್ತು ದಿನದ ಹಿಂದೆ ಕೌಜಲಗಿಯ ಅನ್ನಪೂರ್ಣಾ ಅವರ ಮನೆಯಲ್ಲಿ ನೀರು ಬತ್ತಿ, ರಬ್ಬರು ಸುಟ್ಟು ಕರಕಾದರೂ ವಾಲ್ವ್ ಕರಗಿರಲಿಲ್ಲ. ಉಳಿದಿದ್ದ ಮೂರನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೊಡ್ಡಿದರು. ಒಂದೂ ಕರಗಲಿಲ್ಲ.

"ಅಂಥಾವು ಒಂಬತ್ತ ಮನ್ಯಾಗ ಕೂಡ್ಸೀನ್ರಿ" ಎನ್ನುತ್ತಾರೆ.

ಎಂಟು ಮನೆಗೆ ಹೋಗಿ ಬದಲಿಸಿ ಬಂದಿದ್ದಾರೆ. ಒಂಬತ್ತನೆಯದು ಘೋಡಗೇರಿಯ ಶೆಟ್ಟೆವ್ವನದು. ಮನೆಗೆ ಬೀಗ. ಮನೆಯವರು ಕುರಿ ಹೊಡೆದುಕೊಂಡು ಊರೂರಿನ ಹೊಲಗಳಿಗೆ ಹೋಗಿದ್ದಾರೆ, ಸಂಗಡ ಕುಕ್ಕರೂ ಹೋಗಿದೆ. ಅಂಜಿಕೆಗೆ ಇನ್ನೊಂದು ಕಾರಣವಿದೆ. ಸೀಟಿ ಕೂಗಿದರೆ ತಡಿಕೆಯ ಬೇಲಿಯೊಳಗೆ ಕೂಡಿದ ಕುರಿ ಬೆದರಿ ಚದುರುತ್ತವೆಂದು ಶೆಟ್ಟೆವ್ವ ಸೀಟಿಯನ್ನು ಉಣ್ಣೆಯ ದಾರದಿಂದ ಬಿಗಿದು ಕಟ್ಟುತ್ತಾಳೆ. ಹಾಗೆ ಮಾಡಬಾರದೆಂದು ವಾಲ್ವ್ ಕೂಡಿಸಿದ ದಿನವೇ ತಿಳಿಸಿ ಹೇಳಿದ್ದರು. ಆಕೆ ಹೂಂ ಎಂದು ತಲೆಯಾಡಿಸಿದ್ದಳು. ಮಾತು ಬೇಗ ಮುಗಿಯಲೆಂದು ಆಡಿಸುವ ಅಂಥ ತಲೆಗಳನ್ನು ನಿಜಾಮಸಾಬರು ಬಹಳ ಕಂಡಿದ್ದಾರೆ.

ಕಡೆಗೂ ತಡಿಕೆ ಕಾಣುತ್ತದೆ. ಬಾಜೂಕ್ಕೆ ಮೂರು ಕಲ್ಲಿನ ಒಲೆ, ಧಗಧಗ ಉರಿ. ಮೇಲೆ ಕುಕ್ಕರು, ಸೀಟಿಗೆ ಕರಿ ದಾರ. ಸದ್ದೇ ಇಲ್ಲ.

"ಶೆಟ್ಟೆವ್ವಾ, ದೂರ ಸರೀರಿ. ಅದನ್ನ ಮುಟ್ಟಬ್ಯಾಡ್ರಿ."

"ಇನ್ನೂ ಬೆಂದಿಲ್ಲ ಸಾಬಣ್ಣ. ಇಷ್ಟ ಹೊತ್ನ್ಯಾಗ ಹಸ್ದ ಬಂದೀರೇನ?"

ನಿಜಾಮಸಾಬರು ಆಕೆಯ ಗಂಡ ಮಾಲಿಂಗಪ್ಪನ ಉದ್ದ ಬಡಿಗೆ ಇಸಿದುಕೊಂಡು, ದೂರದಿಂದಲೇ ಉರಿಯುವ ಕಟ್ಟಿಗೆಗಳನ್ನು ಒಂದೊಂದಾಗಿ ಹೊರಗೆ ಎಳೆಯುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಬದುವಿನ ಆಚೆ ಕೂರಿಸುತ್ತಾರೆ. ಅರ್ಧ ತಾಸು ಯಾರೂ ಏಳುವ ಹಾಗಿಲ್ಲ. ಆಮೇಲೆ ದಾರ ಕತ್ತರಿಸಿ ಇಕ್ಕಳದಿಂದ ಸೀಟಿ ಎತ್ತಿದರೆ ಹಬೆಯ ಉಸಿರೂ ಹೊರಡುವುದಿಲ್ಲ, ಮುಚ್ಚಳವೂ ಸಡಿಲುವುದಿಲ್ಲ. ತೂತು ಕಟ್ಟಿದೆ, ಒಳಗಿನ ಒತ್ತಡ ಇಳಿದಿಲ್ಲ. ಹಣೆಯ ಬೆವರು ಒರೆಸಿಕೊಂಡು ಹಿಂದೆ ಸರಿದು ಮತ್ತೆ ಕೂರುತ್ತಾರೆ.

ಬಿಸಿಲು ಬರುವ ಹೊತ್ತಿಗೆ ಕುಕ್ಕರು ಆರಿ ಮುಚ್ಚಳ ತಾನಾಗಿ ಸಡಿಲುತ್ತದೆ. ಹುರಳಿ ಕಂಠದವರೆಗೆ ಉಬ್ಬಿದೆ, ಸೀಟಿಯ ತೂತಿಗೆ ಸಿಪ್ಪೆ ಮೆತ್ತಿದೆ. ಶೆಟ್ಟೆವ್ವ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ನಿಜಾಮಸಾಬರು ತೂತಿಗೆ ಕಡ್ಡಿ ಆಡಿಸಿ, ಜೇಬಿನ ವಾಲ್ವ್ ಕೂಡಿಸಿ, ಹಳೆಯದನ್ನು ಆಕೆಯ ಮುಂದೆ ಹಿಡಿಯುತ್ತಾರೆ. "ಇದನ್ನ ಹಾಕಿದಾಂವ ನಾನವ್ವಾ. ತಪ್ಪ ನಂದ. ದಾರ ಕಟ್ಟಿದ ತಪ್ಪ ನಿಮ್ದ."

"ಸೀಟಿ ಕೂಗಿದ್ರ ಕುರಿ ಓಡ್ತಾವಲ್ರಿ."

"ಒಲಿ ದೂರ ಹೂಡ್ರಿ, ಇಲ್ಲಾ ಗಡಿಗ್ಯಾಗ ಬೇಯಿಸ್ರಿ. ಓಡಿದ ಕುರಿ ತಿರುಗಿ ಕೂಡಸಬೌದು. ಕಣ್ಣ ಹೋದ್ರ ಅದರ ಸಾಮಾನ ನನ್ನ ಚೀಲದಾಗ ಇಲ್ಲ."

ಈ ಸಲ ಶೆಟ್ಟೆವ್ವ ತಲೆಯಾಡಿಸುವುದಿಲ್ಲ. ಎದ್ದು ಹೋಗಿ ಆರಿದ ಒಲೆಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ತಡಿಕೆಯಿಂದ ದೂರ, ಹೊಲದ ಆ ತುದಿಗೆ ಹೊರುತ್ತಾಳೆ. ಮೂರನೆಯ ಕಲ್ಲು ಇಳಿಯುವ ತನಕ ನಿಜಾಮಸಾಬರು ನೋಡುತ್ತ ನಿಲ್ಲುತ್ತಾರೆ.

ನಿಮ್ಮ ಬಗ್ಗೆ ಪೇಪರಿನಲ್ಲಿ ಬರೆಯುತ್ತಾರಂತೆ ಎಂದು ಮಾಲಿಂಗಪ್ಪ ಮಜ್ಜಿಗೆ ಕೊಡುತ್ತ ಚೇಷ್ಟೆ ಮಾಡಿದರೆ ಅವರು ನಗುವುದಿಲ್ಲ.

"ನನ್ನ ಹೆಸರ ಬರದಿದ್ರೂ ನಡೀತೈತ್ರಿ. ನಾ ಮುಟ್ಟಿದ ಕುಕ್ಕರ್ ಯಾವ ಪೇಪರ್ನ್ಯಾಗೂ ಬರಬಾರ್ದು. ಮೂವತ್ತೊಂದ ವರ್ಷ ಬಂದಿಲ್ಲ."