ಫೋಟೋದ ಕೆಳಗಿನ ಮಾತು

ಕೆಲಸ ಕೇಳುವಾಗ ತೋರಿಸಲು ಜೋಡಿಸಿಟ್ಟ ನನ್ನ ಪೋರ್ಟ್‌ಫೋಲಿಯೋದ ಮೂರನೆಯ ಪುಟದಲ್ಲಿ ಮರ್ಫಿ ಟೌನಿನ ಒಬ್ಬ ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಿದ್ದಾರೆ. ಅದರ ಕೆಳಗೆ, ಅವರದೇ ಮಾತೆಂಬಂತೆ, ‘ಈಗ ನಾನು ಯಾರನ್ನೂ ಕೇಳಬೇಕಿಲ್ಲ’ ಎಂದು ಬರೆದಿದ್ದೆ. ಅವರು ಹಾಗೆ ಹೇಳಿರಲೇ ಇಲ್ಲ.

ಆಗ ಆ್ಯಪ್‌ಗಳ ವಿನ್ಯಾಸ ಕಲಿತು ಕೆಲಸ ಹುಡುಕುತ್ತಿದ್ದೆ. ಪೋರ್ಟ್‌ಫೋಲಿಯೋ ಗಟ್ಟಿಯಾಗಿರಬೇಕಾದರೆ ಚೆಂದದ ಪರದೆಗಳು ಸಾಲವು, ಬಳಸಿದವರ ಒಂದು ಮಾತು ಬೇಕು ಎನ್ನುತ್ತಿದ್ದರು ಎಲ್ಲರೂ. ಆಸ್ಪತ್ರೆಯ ಸರದಿ ಚೀಟಿಯನ್ನು ಫೋನಿನಲ್ಲೇ ಪಡೆಯುವ ಆ್ಯಪ್ ಒಂದನ್ನು ರೂಪಿಸಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಆ ಅಮ್ಮನ ಕೈಗೆ ಕೊಟ್ಟೆ. ಹೀಗೆ ಬಳಸುವವರ ಕೈಯಲ್ಲಿ ಆ್ಯಪ್‌ನ ಪರೀಕ್ಷೆ ನಡೆಯುವಾಗ ನಾವು ಸಹಾಯ ಮಾಡಬಾರದು, ತುಟಿ ಬಿಚ್ಚಬಾರದು. ಅದು ನಮ್ಮ ಕಸುಬಿನ ನಿಯಮ. ಎರಡನೆಯ ಪರದೆಯಲ್ಲೇ ಅವರಿಗೆ ಮುಂದೇನು ಒತ್ತಬೇಕೆಂದು ತಿಳಿಯಲಿಲ್ಲ. ನಾನು ಕಲ್ಲಿನಂತೆ ಕೂತೆ. ಕೊನೆಗೆ ಅವರು ನಕ್ಕು, “ನಾನೇ ಏನೋ ಕೆಡಿಸ್ಬಿಟ್ಟೆ ಕಣಮ್ಮ,” ಎಂದರು. ಫೋಟೋ ತೆಗೆದದ್ದು ಆಗ.

ಮಹದೇವಪುರದ ಕಚೇರಿಯೊಂದರಲ್ಲಿ ಸಂದರ್ಶನ ಮಾಡಿದಾಕೆ ಆ ಪುಟದಲ್ಲೇ ನಿಂತರು. ಎಷ್ಟೋ ಪೋರ್ಟ್‌ಫೋಲಿಯೋ ನೋಡಿದ್ದೇನೆ, ಇಂಥ ನಗು ನೋಡಿಲ್ಲ ಎಂದರು. ಕೆಲಸ ಸಿಕ್ಕಿತು. ಅವತ್ತಿನಿಂದ ಆ ನಗು ನನ್ನ ಬೆನ್ನು ಬಿಟ್ಟಿಲ್ಲ. ಯಾವ ಪರದೆ ಬಿಡಿಸಿದರೂ ಎರಡು ಕೈಗಳು ಅದರ ಅಂಚು ಹಿಡಿದು ಕಾಯುತ್ತಿರುವಂತೆ ಕಾಣುತ್ತದೆ. ಸುಳ್ಳೇಕೆ, ಹೆದರಿಕೆಯಾಗುತ್ತದೆ.

ಆರು ತಿಂಗಳು ಅವರ ಬೀದಿ ತಪ್ಪಿಸಿ, ಹಲಸೂರು ಕೆರೆಯ ಕಡೆಯಿಂದ ಸುತ್ತಿಕೊಂಡು ಓಡಾಡಿದೆ. ಕಳೆದ ಭಾನುವಾರ ಜೋಗುಪಾಳ್ಯದ ತರಕಾರಿ ಅಂಗಡಿಯಲ್ಲಿ ಅವರೇ ಎದುರಾದರು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಹಿಡಿದು, ಕೆಲಸ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತು ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

“ಸದ್ಯ. ನನ್ನಿಂದ ನಿನ್ ಕೆಲಸ ಹಾಳಾಯ್ತು ಅಂತ ವಾರವಾರ ಚರ್ಚಲ್ಲಿ ಮೇಣದಬತ್ತಿ ಹಚ್ತಿದ್ದೆ. ಅವತ್ತಿಂದ ನಾನು ಆ ಥರ ಫೋನೇ ಮುಟ್ಟಿಲ್ಲ. ಆಸ್ಪತ್ರೆಗೂ ಮಗಳನ್ನೇ ಕರ್ಕೊಂಡ್ ಹೋಗ್ತೀನಿ.”

ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡು, ಫೋಟೋದಲ್ಲಿದ್ದ ಹಾಗೇ ನಕ್ಕು, ಬದನೆಕಾಯಿ ಆರಿಸತೊಡಗಿದರು.

ಮನೆಗೆ ಬಂದು ಆ ಪುಟ ತೆರೆದೆ. ಅವರು ಆಡದ ಮಾತನ್ನು ಅಳಿಸಿ, ಆಡಿದ ಮಾತನ್ನು ಬರೆದೆ. ಕೆಲಸ ಸಿಕ್ಕ ಮೇಲೆ ಆ ಪುಟವನ್ನು ಯಾರೂ ನೋಡುವುದಿಲ್ಲ.