ಹಾಸು, ಹೊಕ್ಕು ಮತ್ತು ನಾನು ಹೇಳದ ಹೆಸರು

ಆ ಪ್ರೋಗ್ರಾಂ ನನ್ನದಲ್ಲ, ಭುವನಾ. ನಿನ್ನದು. ಹನ್ನೊಂದನೇ ಕ್ಲಾಸಿನ ಕಂಪ್ಯೂಟರ್ ಪರೀಕ್ಷೆಯಲ್ಲಿ ನಾನು ಅದನ್ನು ನಿನ್ನಿಂದ ಕದ್ದೆ. ಕದ್ದವಳು ನೀನೇ ಎಂದು ಮಿಸ್ ತೀರ್ಮಾನಿಸಿದಾಗ ನಿನ್ನ ಪಕ್ಕದಲ್ಲೇ ನಿಂತಿದ್ದೆ — ಸುಮ್ಮನೆ.

ಇಷ್ಟನ್ನು ಬರೆಯಲು ಹದಿನಾಲ್ಕು ವರ್ಷ ಬೇಕಾಯಿತು. ಬರೆಯುವಾಗಲೂ ಅನುಮಾನ: ನೆನಪು ನನಗೆ ಅನುಕೂಲವಾಗುವಂತೆ ತನ್ನನ್ನು ತಿದ್ದಿಕೊಂಡಿರಬಹುದೇ? ಆ ದಿನದ ಡೈರಿ ತೆಗೆದು ನೋಡಿದೆ. ತಮಿಳಿನಲ್ಲಿ ಒಂದೇ ಸಾಲು — ಕ್ಯಾಂಪಿಗೆ ಸೆಲೆಕ್ಟ್ ಆದೆ. ನಿನ್ನ ಹೆಸರೇ ಇಲ್ಲ. ಹದಿನಾರನೇ ವಯಸ್ಸಿನಲ್ಲೇ ನನಗೆ ಏನನ್ನು ಬರೆಯಬಾರದು ಎಂಬುದು ಗೊತ್ತಿತ್ತು.

ಕರುಮತ್ತಂಪಟ್ಟಿಯ ನಮ್ಮ ಶಾಲೆಯ ಲ್ಯಾಬು ನೆನಪಿದೆಯಾ? ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಕಂಪ್ಯೂಟರುಗಳಿಗೆ ಬಟ್ಟೆಯ ಹೊದಿಕೆ. ಆ ಬಟ್ಟೆಯನ್ನು ಶಾಲೆಗೆ ಕೊಟ್ಟವರು ನಮ್ಮಪ್ಪ. ನೇಯ್ದವರು ನಿಮ್ಮಪ್ಪ, ನಾನು ಮಾಮ ಎಂದು ಕರೆಯುವವರು. ಮಾಮ ನಮ್ಮಪ್ಪನ ನೂಲನ್ನು ತಂದು ನಿಮ್ಮ ಮನೆಯ ಪವರ್‌ಲೂಮಿನಲ್ಲಿ ನೇಯುತ್ತಿದ್ದರು. ಇದು ಮಿಸ್‌ಗೂ ಗೊತ್ತಿತ್ತು. ಅದಕ್ಕೂ ಅವರ ತೀರ್ಮಾನಕ್ಕೂ ಸಂಬಂಧವಿತ್ತೋ ಇಲ್ಲವೋ — ಅವರ ಮೇಲೆ ಹೊರಿಸಿ ನಾನು ಹಗುರಾಗಬಾರದು.

ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕ್ಯಾಂಪು ಇತ್ತು. ಪರೀಕ್ಷೆ ಇಟ್ಟು ಶಾಲೆಯಿಂದ ಒಬ್ಬರನ್ನು ಕಳಿಸುವುದೆಂದಾಗಿತ್ತು. ನನಗದು ಮೂರು ದಿನದ ಪ್ರವಾಸ. ನಿನಗೆ ಹಾಗಲ್ಲ. ನೀನು ಮುಂದೆ ಕಂಪ್ಯೂಟರ್ ಓದಬೇಕೆಂದು ಕೇಳಿದಾಗ ಮಾಮ ಹೇಳಿದ್ದರು, ನಿನಗೆ ಅದಕ್ಕೆ ತಲೆ ಇದೆಯೆಂದು ಮಿಸ್ಸೇ ಹೇಳಲಿ, ಆಮೇಲೆ ನೋಡೋಣ ಎಂದು. ಇದೂ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಪರೀಕ್ಷೆಯ ಪ್ರಶ್ನೆ ಒಂದೇ: ಪರದೆಯ ಮೇಲೆ ನಕ್ಷತ್ರದ ಗುರುತುಗಳಿಂದ ವಜ್ರದ ಆಕಾರ ಮೂಡಿಸುವುದು. ಲೂಪಿನೊಳಗೆ ಇನ್ನೊಂದು ಲೂಪು ಬರೆಯಬೇಕು. ನನ್ನದು ಪ್ರತಿ ಸಲವೂ ಒಂದು ಕಡೆಗೆ ವಾಲುತ್ತಿತ್ತು. ಪಕ್ಕದಲ್ಲಿ ನೀನು ಕೀಬೋರ್ಡು ಮುಟ್ಟಿರಲೇ ಇಲ್ಲ. ಕಣ್ಣು ಮುಚ್ಚಿ, ಮೇಜಿನ ಮೇಲೆ ಬೆರಳು ಓಡಿಸುತ್ತ, ಮನೆಮಾತಿನಲ್ಲಿ ಗೊಣಗುತ್ತಿದ್ದೆ.

"ಒಂದ್ ಹೊಕ್ಕು ಹೋಗೋಕೆ ಹಾಸು ಪೂರಾ ದಾಟ್ಬೇಕು. ಆಮೇಲೆ ತಾನೇ ಮುಂದಿನ ಹೊಕ್ಕು. ಎದ್ದ ಎಳೆ ಮೇಲೆ ಚುಕ್ಕಿ, ಮಲಗಿದ್ರೆ ಖಾಲಿ."

ಆ ಕೋಣೆಯಲ್ಲಿ ಕನ್ನಡ ತಿಳಿಯುತ್ತಿದ್ದುದು ನಿನಗೆ, ಬಿಟ್ಟರೆ ನನಗೆ.

ಆ ಕ್ಷಣವನ್ನು ಹೇಗೆ ಹೇಳಲಿ... ಹುಟ್ಟಿದಾಗಿನಿಂದ ಕೇಳಿದ ಮಗ್ಗದ ಸದ್ದು ಮೊದಲ ಸಲ ಅರ್ಥವಾದಂತಾಯಿತು. ಹೊರಗಿನ ಲೂಪು ಹೊಕ್ಕು, ಅಡ್ಡದ ನೂಲು; ಒಳಗಿನದು ಹಾಸು, ಉದ್ದದ ನೂಲು. ಪುಸ್ತಕ ಒಂದು ಅಧ್ಯಾಯ ಪೂರ್ತಿ ಹೇಳಿಯೂ ತಿಳಿಸದ್ದನ್ನು ನೀನು ಮೂರು ಮಾತಿನಲ್ಲಿ ಬಿಡಿಸಿಟ್ಟಿದ್ದೆ. ನಾನು ಬೆರಗಾದೆ. ಆಮೇಲೆ ಟೈಪ್ ಮಾಡತೊಡಗಿದೆ. ಬೆರಗಿಗೂ ಕಳವಿಗೂ ನಡುವೆ ಒಂದು ಉಸಿರಿನಷ್ಟೂ ಬಿಡುವಿರಲಿಲ್ಲ. ವಜ್ರ ಮೂಡಿತು — ಅಂಚು ಒಂದಿಷ್ಟೂ ಓರೆಯಿಲ್ಲದೆ.

ನನ್ನ ಬೆರಳು ಚುರುಕು. ಮೊದಲು ಕೊಟ್ಟವಳು ನಾನು. ನೀನು ಕೊಟ್ಟದ್ದು ಹತ್ತು ನಿಮಿಷದ ಮೇಲೆ.

ಆದರೆ ಅವಸರದಲ್ಲಿ ಲೂಪುಗಳಿಗೆ ನೀನು ಗೊಣಗಿದ ಹೆಸರುಗಳನ್ನೂ ಎತ್ತಿಕೊಂಡಿದ್ದೆ. ಎಲ್ಲರೂ ಐ, ಜೆ ಎಂದು ಹೆಸರಿಟ್ಟಿದ್ದರೆ ನಮ್ಮಿಬ್ಬರದರಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಹಾಸು, ಹೊಕ್ಕು. ಮಿಸ್ ಇಬ್ಬರನ್ನೂ ಕರೆದು ಇದೇನು ಎಂದು ಕೇಳಿದರು. ನಾನೇ ಮುಂದಾಗಿ ತಮಿಳಿನಲ್ಲಿ ವಿವರಿಸಿದೆ — ಮಗ್ಗ, ಉದ್ದದ ನೂಲು, ಅಡ್ಡದ ನೂಲು, ಎಲ್ಲ. ಎಷ್ಟು ಚೆನ್ನಾಗಿ ವಿವರಿಸಿದೆ ಎಂದು ನೆನೆದರೆ ಈಗ... ಯಾರನ್ನು ನೋಡಿ ಯಾರು ಬರೆದದ್ದು ಎಂದು ಮಿಸ್ ಕೇಳಿದರು.

"ನಾನ್ ಪಾಕ್ಕಲೆ, ಮಿಸ್," ಎಂದೆ.

ನಾನು ನೋಡಲಿಲ್ಲ. ಅದು ನಿಜವೇ. ಕೇಳಿಸಿಕೊಂಡಿದ್ದೆ. ಆ ನಿಜವನ್ನು ಹಿಡಿದುಕೊಂಡೇ ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ.

ನೀನು ನನ್ನ ಮುಖ ನೋಡಿದೆ. ಏನೂ ಹೇಳಲಿಲ್ಲ. ನಮ್ಮಪ್ಪ ನೂಲು ಕೊಡುವುದು ನಿಲ್ಲಿಸಿಯಾರೆಂಬ ಭಯವಿತ್ತೇ? ಅಥವಾ ನಾನೇ ಹೇಳುತ್ತೇನೆಂದು ಕಾದೆಯಾ? ಎರಡನೆಯದಾಗಿದ್ದರೆ — ಈ ವಾಕ್ಯವನ್ನು ಮುಗಿಸಲು ಆಗುತ್ತಿಲ್ಲ.

ಆ ವಾರ ಮಿಸ್ ಮಾಮನನ್ನು ಕರೆಸಿ, ನೀನು ನಕಲು ಮಾಡಿದೆಯೆಂದು ಹೇಳಿದರು. ನಿಮ್ಮ ಮನೆಯ ಬಾಗಿಲಲ್ಲಿ ಮಾಮ ನಿನಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಕೋಪವಿರಲಿಲ್ಲ, ಎಂದಿನಂತೆ ಮುದ್ದಿನಿಂದ ಕಣ್ಣು ಎಂದೇ ಕರೆದರು. "ಕಂಪ್ಯೂಟರ್ ನಮಗೆ ಬ್ಯಾಡ ಕಣ್ಣು. ಬಿ.ಕಾಂ. ಓದು, ಅಷ್ಟು ಪೋದುಂ, ಸಾಕು."

ನೀನು ಬಿ.ಕಾಂ. ಓದಿದೆ. ನಾನು ಮೈಸೂರಿಗೆ ಹೋಗಿ ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್ಸಿ. ಮಾಡಿದೆ, ಅಲ್ಲಿನ ಬಸ್ಸಿನ ಬೋರ್ಡುಗಳಿಂದ ಈ ಕನ್ನಡ ಲಿಪಿ ಕಲಿತೆ. ಈಗ ಸಿಂಗಾನಲ್ಲೂರಿನಲ್ಲಿ ಮನೆ, ಹತ್ತಿರದ ಕಾಲೇಜಿನಲ್ಲಿ ಪಾಠ. ಪ್ರತಿ ವರ್ಷ ಲೂಪಿನ ಪಾಠ ಬಂದಾಗ ಹಲಗೆಯ ಮೇಲೆ ಮಗ್ಗ ಬರೆಯುತ್ತೇನೆ. ಹುಡುಗಿಯರ ಕಣ್ಣು ಅರಳುತ್ತದೆ. ಇದು ನಿಮಗೆ ಹೊಳೆದದ್ದೇ ಎಂದು ಕೇಳುತ್ತಾರೆ. ನಗುತ್ತೇನೆ. ಅಂದರೆ ಕದ್ದದ್ದು ಒಂದು ಸಲವಲ್ಲ.

ಹೋದ ತಿಂಗಳು ನೀನು ಕೆಲಸ ಮಾಡುವ ಸೋಮನೂರಿನ ಸೀರೆ ಡಿಸೈನಿನ ಅಂಗಡಿಗೆ ನಾನು ಬಂದೆ. ನಿನ್ನ ಪರದೆಯ ತುಂಬ ಸಣ್ಣ ಚೌಕಗಳು. ಮೌಸ್ ಹಿಡಿಯುವ ಮೊದಲು ನೀನು ಕಣ್ಣು ಮುಚ್ಚಿದೆ. ಮೇಜಿನ ಮೇಲೆ ಅದೇ ಬೆರಳು ಓಡಿತು. ಆಮೇಲೆ ಅಂಚಿನಲ್ಲಿ ನವಿಲೊಂದು ಸಾಲು ಸಾಲಾಗಿ ಎದ್ದು ಬಂತು. ನಾನು ಮತ್ತೆ ಆ ಲ್ಯಾಬಿನ ಹುಡುಗಿಯಂತೆ ಬಾಯಿ ತೆರೆದು ನಿಂತೆ. ನಿನ್ನೊಳಗಿನ ಆ ಬೆಳಕನ್ನು ಆರಿಸಲು ಯಾರಿಂದಲೂ ಆಗಿರಲಿಲ್ಲ, ನನ್ನಿಂದಲೂ.

ತಲೆ ಎತ್ತದೆಯೇ ನೀನು ಹೇಳಿದೆ: "ಎದುರುಮನೆ ಹುಡುಗಿ ನಿನ್ ಕ್ಲಾಸಲ್ಲೇ ಅಂತೆ ಡೀ. ಹಾಸು, ಹೊಕ್ಕು ಅಂತ ಪಾಠ ಮಾಡ್ತೀಯಂತೆ. ಚೆನ್ನಾಗೈತಂತೆ."

ಅಷ್ಟೇ. ನನಗೆ ಟೀ ತರಿಸಿದೆ.

ಇದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದು ಮುಗಿಸುವ ಹೊತ್ತಿಗೆ ಗಮನಕ್ಕೆ ಬಂತು — ನೀನು ಈ ಲಿಪಿ ಓದಲಾರೆ. ಮಾಮನೂ ಓದಲಾರರು. ಮನೆಮಾತಿನಲ್ಲಿ ಮಾಡಿದ ಕಳವನ್ನು ಮನೆಮಾತಿನಲ್ಲೇ ಒಪ್ಪಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಮತ್ತೆ ಅಡಗಿಕೊಂಡಿದ್ದೆ.

ಆದ್ದರಿಂದ ಭಾನುವಾರ ಬರುತ್ತೇನೆ. ಮಾಮನನ್ನೂ ಕೂರಿಸಿ, ಮೊದಲ ಸಾಲಿನಿಂದ ಗಟ್ಟಿಯಾಗಿ ಓದುತ್ತೇನೆ. ಸೋಮವಾರ ಕ್ಲಾಸಿನಲ್ಲಿ ಹಲಗೆಯ ಮೇಲೆ ನಿನ್ನ ಹೆಸರು ಬರೆಯುತ್ತೇನೆ. ಅದರಿಂದ ನಿನಗೆ ಏನೂ ಹಿಂದಿರುಗಿ ಬರುವುದಿಲ್ಲ, ಗೊತ್ತು. ಓದಿ ಮುಗಿಸುವವರೆಗೆ ಮಾತ್ರ ಕೇಳಿಸಿಕೋ. ಆಮೇಲೆ ಬಾಗಿಲು ತೋರಿಸಿದರೂ ಸರಿ — ಆ ಲ್ಯಾಬಿಗೆ ಹೋಗುತ್ತಿದ್ದಂತೆ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತೇನೆ.