ಐದನೇ ಸಾಲಿನ ತಪ್ಪು

ಆ ದಿನ ನಲ್ಲಿ ಬಂದಾಗ ಡ್ರಮ್ಮು ತುಂಬಿಸಿದೆ, ಹೆಸರುಕಾಳು ನೆನೆಹಾಕಿದೆ, ಯಜಮಾನರ ಷರ್ಟಿಗೆ ಎರಡು ಗುಂಡಿ ಹೊಲಿದೆ, ಮೊಬೈಲಿನಲ್ಲಿ ಒಂದು ಲೆಕ್ಕ ಕಳಿಸಿದೆ.

ವಿದ್ಯಾರಣ್ಯಪುರಂನ ನಮ್ಮ ಮನೆಗೆ ಆಗ ಮೊಬೈಲು ಹೊಸತು. ಶ್ರೀರಾಂಪುರದ ಕಡೆಯ ಶಾಲೆಯೊಂದು, ಹತ್ತನೇ ತರಗತಿಯಲ್ಲಿ ಫೇಲಾದ ಮಕ್ಕಳಿಗೆ ಮೆಸೇಜಿನಲ್ಲೇ ಪಾಠ ಹೇಳುವವರನ್ನು ಹುಡುಕುತ್ತಿತ್ತು. ಬಿ.ಎಸ್ಸಿ. ಓದಿ ಒಗ್ಗರಣೆ ಹಾಕಿಕೊಂಡಿದ್ದ ನಾನು ಹೆಸರು ಕೊಟ್ಟೆ. ನನ್ನ ಪಾಲಿಗೆ ಬಂದ ಹುಡುಗಿಗೆ ಗಣಿತವೊಂದೇ ಬಾಕಿ. ಜೂನ್ ಪರೀಕ್ಷೆಯಲ್ಲೂ ಆಗದಿದ್ದರೆ ಓದು ಬಿಡಿಸಿ ಗಾರ್ಮೆಂಟ್ಸಿಗೆ ಕಳಿಸುವುದೆಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು.

ದಿನಕ್ಕೊಂದು ಲೆಕ್ಕ, ಬಿಡಿಸುವ ಸಾಲುಗಳ ಸಮೇತ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಸಂಜೆ ಆರಕ್ಕೆ ಅವಳಪ್ಪ ಫೋನು ಮನೆಗೆ ತಂದ ಮೇಲೆ ಉತ್ತರ ಬರುತ್ತಿತ್ತು: "ಆಯ್ತು ಮಿಸ್." ದಿನವೂ ಅದೇ. ನಾನು ಹಿಗ್ಗಿಹೋಗಿದ್ದೆ.

ಆ ಮಧ್ಯಾಹ್ನ ಶಾಲೆಯವರು ಫೋನು ಮಾಡಿದರು. ತಯಾರಿ ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ ಹದಿನೇಳು. ಉಳಿದದ್ದು ಮೂರೇ ವಾರ.

ಆರಾಗುತ್ತಲೇ ನಾನೇ ಅವಳಿಗೆ ಫೋನು ಮಾಡಿದೆ. "ಏನಮ್ಮ, ದಿನಾ ಆಯ್ತು ಅಂತಿದ್ದೆಯಲ್ಲ?"

"ದೊಡ್ಡೋರು ಹೇಳ್ಕೊಡ್ವಾಗ ಗೊತ್ತಾಗ್ಲಿಲ್ಲ ಅನ್ನೋದು ಎಂಗೆ ಮಿಸ್? ನಿಮ್ಗೆ ಬೇಜಾರಾಗಲ್ವಾ?"

ಪೇಪರಿನ ಹಿಂದಿನಿಂದ ಯಜಮಾನರು, "ಆ ಮಗೂನ ನೋಡಿ ಕಲಿ ಕಣೇ. ನನಗೊಂದಿನ ಆಯ್ತು ಅಂದಿದೀಯಾ?" ಅಂದರು.

"ನೀವು ಸುಮ್ನಿರಿ."

ನಗಲಾಗಲಿಲ್ಲ. ಮದುವೆಯ ಹೊಸದರಲ್ಲಿ ಅತ್ತೆ ಹುಳಿಪುಡಿಯ ಅಳತೆ ಹೇಳಿದಾಗ ನಾನೂ ಹೀಗೇ ತಲೆಯಾಡಿಸಿ, ಎರಡು ಸಲ ಕೆಡಿಸಿದ್ದೆ.

"ಇವತ್ತಿಂದ ಆಯ್ತು ಅಂತ ಬರೀಬೇಡ. ಲೆಕ್ಕದಲ್ಲಿ ಬೇಕಂತಲೇ ಒಂದು ತಪ್ಪು ಮಾಡಿ ಕಳಿಸ್ತೀನಿ. ಹುಡುಕೋದು ನಿನ್ನ ಕೆಲಸ."

"ಅಯ್ಯೋ, ನಿಮ್ ತಪ್ಪು ನಾನು ಹೇಳೋದಾ?"

"ಹೇಳೋವರೆಗೂ ಬಿಡಲ್ಲ ಕಣಮ್ಮ."

ಆಗಲೇ ತಪ್ಪಿರುವ ಹೊಸ ಲೆಕ್ಕವೊಂದನ್ನು ಕಳಿಸಿ, ಫೋನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡೆ. ಕಾಳು ಬೆಂದರೂ ಸದ್ದಿಲ್ಲ. ಮಸಾಲೆ ರುಬ್ಬುವಾಗ ಬಂತು: "ಕೋಪ ಮಾಡ್ಕೋಬೇಡಿ ಮಿಸ್. ಮೂರನೇ ಸಾಲಲ್ಲಿ ಮೈನಸ್ ಇರ್ಬೇಕು." ಕೈ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು: "ಐದನೇ ಸಾಲೂ ತಪ್ಪು."

ಐದನೆಯದು ನಾನು ಬೇಕೆಂದು ಮಾಡಿದ್ದಲ್ಲ. ಮತ್ತೆ ಮತ್ತೆ ನೋಡಿದೆ. ಅವಳದೇ ಸರಿ.

"ಆಯ್ತು ಮಿಸ್," ಎಂದು ಬರೆದು ಕಳಿಸಿದೆ.

ಅವಳು ಪಾಸಾಗಿ ಕಾಲೇಜು ಸೇರಿದ್ದು ಆಮೇಲಿನ ಮಾತು. ಆ ಸಂಜೆ ನಮ್ಮ ಮುಂದಿದ್ದದ್ದು ಮೂರು ವಾರ, ದಿನಕ್ಕೊಂದು ತಪ್ಪು. ಮುದ್ದೆ, ಹೆಸರುಕಾಳಿನ ಸಾರು ಉಂಡೆವು. ಯಜಮಾನರು ಮೊದಲು ಮಲಗಿದರು. ನಾನು ನಾಳೆಯ ತಪ್ಪನ್ನು ಯಾವ ಸಾಲಿನಲ್ಲಿ ಬಚ್ಚಿಡುವುದೆಂದು ಯೋಚಿಸುತ್ತಾ ಕೂತೆ.